ಎಂಬತ್ನಾಲ್ಕು ಅಂಕದ ಆಟ

ವಾಣಿಜ್ಯ ವಿಭಾಗದ ಪುಟಕ್ಕೆ ಈ ಸಲ ಒಬ್ಬೊಬ್ಬರು ಒಂದೊಂದು ಉತ್ಪನ್ನದ ಕಥೆ ಬರೆಯಬೇಕು ಎಂದು ನಮ್ಮ ಸರ್ ಹೇಳಿದರು. ಅದನ್ನು ತಯಾರಿಸಿದವರು ಯಾರು, ಹಣ ಹಾಕಿದವರು ಯಾರು, ಮಾರುಕಟ್ಟೆ ಅದನ್ನು ಹೇಗೆ ಸ್ವೀಕರಿಸಿತು, ಕೊನೆಗೆ ಲಾಭ ಯಾರ ಕೈಗೆ ಹೋಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇರಬೇಕು. ಗೆಳೆಯರು ಬೇಗ ಬೇಗ ಆರಿಸಿಕೊಂಡರು. ಒಬ್ಬ ಅಥಣಿಯ ಚಪ್ಪಲಿ ಎಂದ, ಒಬ್ಬಳು ರಾಯಬಾಗದ ಕಬ್ಬು ಎಂದಳು, ನಿಪ್ಪಾಣಿಯ ತಂಬಾಕಿಗೆ ಮೂವರು ಕೈ ಎತ್ತಿದರು. ನಾನು "ಒಂದು ವಿಡಿಯೊ ಗೇಮ್" ಎಂದಾಗ ತರಗತಿಯೆಲ್ಲ ನಕ್ಕಿತು. ಸರ್ ನಗಲಿಲ್ಲ. "ನಾಲ್ಕೂ ಪ್ರಶ್ನೆಗೆ ಉತ್ತರ ಇದೆಯೇನಪ್ಪಾ?" ಎಂದು ಕೇಳಿದರು. ಇದೆ ಸರ್ ಎಂದೆ. ಆ ಉತ್ತರವೇ ಈ ಲೇಖನ.

ಆಟದ ಹೆಸರು 'ಫಾಲ್‌ಔಟ್: ನ್ಯೂ ವೇಗಸ್'. 2010ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದದ್ದು. ಇದರಲ್ಲಿ ಗುಂಡೇಟು, ಜೂಜು, ಹೆಂಡ ಎಲ್ಲ ಇರುವುದರಿಂದ ಅಮೆರಿಕದಲ್ಲಿ 17 ವರ್ಷ ತುಂಬಿದವರಿಗೆ ಮಾತ್ರ ಎಂಬ ಮುದ್ರೆ ಹಾಕಿದ್ದಾರೆ. ಹಾಗಾಗಿ ಪ್ರಥಮ ಪಿಯುಸಿಯ ತಮ್ಮ ತಂಗಿಯರು ಇದನ್ನು ಓದಿದರೆ ಸಾಕು, ಆಡುವ ಅವಸರ ಬೇಡ. ನಾನು ಆಡಿದ್ದು ಈ ವರ್ಷ ಈದ್ ರಜೆಯಲ್ಲಿ, ಅಥಣಿಯ ಖಾಲಾ ಮನೆಯಲ್ಲಿ, ಭಾಯಿಜಾನ್‌ರ ಹಳೆಯ ಕಂಪ್ಯೂಟರಿನಲ್ಲಿ. ಆಟ ಹಳೆಯದು, ಕಂಪ್ಯೂಟರೂ ಹಳೆಯದು, ಆದ್ದರಿಂದ ಎರಡಕ್ಕೂ ಹೊಂದಿಕೆಯಾಯಿತು.

ಆಟದಲ್ಲಿ ಏನಿದೆ?

ಕಥೆಯ ಪ್ರಕಾರ 2077ರಲ್ಲಿ ಅಣುಯುದ್ಧ ನಡೆದು ಜಗತ್ತು ಹಾಳಾಗಿದೆ. ನಾವು ಆಡುವ ಕಾಲ 2281. ಸ್ಥಳ ಅಮೆರಿಕದ ಮೊಹಾವೆ ಮರುಭೂಮಿ, ಅದರ ನಡುವೆ ಉಳಿದುಕೊಂಡ ವೇಗಸ್ ನಗರ. ನಾವು ಒಬ್ಬ ಕೊರಿಯರ್, ಅಂದರೆ ಪಾರ್ಸೆಲ್ ಮುಟ್ಟಿಸುವವನು. ಆಟದ ಆರಂಭದಲ್ಲೇ ಯಾರೋ ನಮ್ಮ ಪಾರ್ಸೆಲ್ ಕಸಿದುಕೊಂಡು ತಲೆಗೆ ಗುಂಡು ಹೊಡೆದು ಹೂತು ಹಾಕುತ್ತಾರೆ. ಬದುಕಿ ಎದ್ದ ಮೇಲೆ ಎಲ್ಲಿಗೆ ಹೋಗಬೇಕು, ಯಾರನ್ನು ನಂಬಬೇಕು ಎಂಬುದು ನಮಗೇ ಬಿಟ್ಟದ್ದು. ಹೀಗೆ ಇಡೀ ಪ್ರದೇಶದಲ್ಲಿ ಮನಸ್ಸು ಬಂದ ಕಡೆ ತಿರುಗಬಹುದಾದ ಆಟಕ್ಕೆ ಓಪನ್ ವರ್ಲ್ಡ್ ಎನ್ನುತ್ತಾರೆ. ಒಂದು ಪಾತ್ರವನ್ನು ನಾವೇ ರೂಪಿಸಿಕೊಂಡು ಆಡುವುದಕ್ಕೆ ರೋಲ್ ಪ್ಲೇಯಿಂಗ್ ಎನ್ನುತ್ತಾರೆ.

ಪಾತ್ರ ರೂಪಿಸುವಾಗಲೇ ವಾಣಿಜ್ಯದ ವಿದ್ಯಾರ್ಥಿಗೆ ಪರಿಚಯದ ವಿಷಯ ಸಿಗುತ್ತದೆ. ಶಕ್ತಿ, ಗಮನ, ತಾಳಿಕೆ, ಮಾತಿನ ಮೋಡಿ, ಬುದ್ಧಿ, ಚುರುಕು, ಅದೃಷ್ಟ ಎಂಬ ಏಳು ಗುಣಗಳಿವೆ. ಹಂಚಲು ಸಿಗುವುದು ಒಟ್ಟು 40 ಅಂಕ. ಶಕ್ತಿಗೆ ಹೆಚ್ಚು ಕೊಟ್ಟರೆ ಬುದ್ಧಿಗೆ ಕಡಿಮೆ. ಒಂದನ್ನು ಆರಿಸಿದಾಗ ಕೈಬಿಟ್ಟದ್ದೇ ಅದರ ನಿಜವಾದ ಬೆಲೆ ಎಂದು ಅರ್ಥಶಾಸ್ತ್ರದಲ್ಲಿ ಓದಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಎಲ್ಲರ ಜಗಳ ಇರುವುದು ಒಂದು ಅಣೆಕಟ್ಟಿನ ಮೇಲೆ. ಅದು ಕೊಲೊರಾಡೊ ನದಿಗೆ ಅಡ್ಡಲಾಗಿ, ನೆವಾಡಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿ 1930ರ ದಶಕದಲ್ಲಿ ಕಟ್ಟಿದ ಹೂವರ್ ಅಣೆಕಟ್ಟು. ಇಂದಿಗೂ ಇದೆ. ಆಟದಲ್ಲಿ ಅದು ಯಾರ ಕೈಯಲ್ಲಿದೆಯೋ ಅವರಿಗೆ ನೀರು, ಅವರಿಗೇ ವಿದ್ಯುತ್ತು. ಇದನ್ನು ಆಡುವಾಗ ನನಗೆ ಪರದೇಶದ ಕಥೆ ಅನ್ನಿಸಲಿಲ್ಲ. ಬೇಸಿಗೆ ಬಂದರೆ ಕೊಯ್ನಾದಿಂದ ಕೃಷ್ಣೆಗೆ ನೀರು ಬಿಡಿ ಎಂದು ಗಡಿಯ ಆಚೆ ಕೇಳುವವರು ನಾವು. ಮಳೆಗಾಲದಲ್ಲಿ ಅಲ್ಲಿಂದ ಎಷ್ಟು ಬಿಟ್ಟರು ಎಂದು ಹೆದರಿ ನೋಡುವವರೂ ನಾವೇ. 2019ರ ಆಗಸ್ಟ್‌ನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಈ ಕಾಲೇಜಿನಲ್ಲಿ ಅರ್ಧದಷ್ಟು ಜನ ಕಂಡಿದ್ದೇವೆ. ನೀರು ಹಿಡಿದಿಟ್ಟವನ ಮಾತು ನಡೆಯುತ್ತದೆ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆಟದ ಹಣದ ವ್ಯವಸ್ಥೆಯೂ ನೀರಿಗೇ ಕಟ್ಟಿಕೊಂಡಿದೆ. ಅಲ್ಲಿ ಮೂರು ಬಗೆಯ ಹಣ ಚಲಾವಣೆಯಲ್ಲಿದೆ. ಒಂದು ಗಣರಾಜ್ಯ ಕಾಗದದ ನೋಟು ಹೊರಡಿಸುತ್ತದೆ, ಒಂದು ಸೈನ್ಯ ಚಿನ್ನ ಬೆಳ್ಳಿಯ ನಾಣ್ಯ ನಡೆಸುತ್ತದೆ, ಸಾಮಾನ್ಯ ಜನ ತಂಪು ಪಾನೀಯದ ಬಾಟಲಿಯ ಮುಚ್ಚಳವನ್ನೇ ದುಡ್ಡಾಗಿ ಬಳಸುತ್ತಾರೆ. ನೋಟಿಗೆ ಆಧಾರವಾಗಿದ್ದ ಚಿನ್ನದ ಸಂಗ್ರಹ ಶತ್ರುಗಳ ದಾಳಿಯಲ್ಲಿ ನಾಶವಾದ ಮೇಲೆ ಜನರಿಗೆ ನೋಟಿನ ಮೇಲೆ ನಂಬಿಕೆ ಹೋಯಿತು. ಆಗ ವ್ಯಾಪಾರಿಗಳು ನೀರಿನ ಆಧಾರದ ಮೇಲೆ ಮುಚ್ಚಳವನ್ನು ಮತ್ತೆ ಚಲಾವಣೆಗೆ ತಂದರು. ಅಂಗಡಿಯಲ್ಲಿ ಗಣರಾಜ್ಯದ 100 ಡಾಲರ್ ನೋಟಿಗೆ ಸಿಗುವುದು 40 ಮುಚ್ಚಳದ ಬೆಲೆ ಮಾತ್ರ. ಹಣ ಅಂದರೆ ಎಲ್ಲರೂ ಒಪ್ಪಿ ತೆಗೆದುಕೊಳ್ಳುವ ವಸ್ತು ಎಂಬ ಪುಸ್ತಕದ ವ್ಯಾಖ್ಯೆಯನ್ನು ನಾನು ಇನ್ನು ಮರೆಯಲಾರೆ.

ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು

ಮೊದಲ 'ಫಾಲ್‌ಔಟ್' ಬಂದದ್ದು 1997ರಲ್ಲಿ. ಕ್ಯಾಲಿಫೋರ್ನಿಯಾದ ಇಂಟರ್‌ಪ್ಲೇ ಎಂಬ ಕಂಪನಿಯಲ್ಲಿ ಟಿಮ್ ಕೇನ್ ಎಂಬವರು ಅದನ್ನು ಮೊದಮೊದಲು ಒಬ್ಬರೇ ಶುರು ಮಾಡಿದರು. ಆಮೇಲೆ ತಂಡ ಬೆಳೆಯಿತು. ಮರುವರ್ಷ ಎರಡನೆಯದು ಬಂತು. ಮುಂದೆ ಇಂಟರ್‌ಪ್ಲೇ ಸಾಲದಲ್ಲಿ ಸಿಕ್ಕಿಕೊಂಡಿತು. 2003ರಲ್ಲಿ ಮೂರನೆಯ ಆಟದ ಕೆಲಸ ಅರ್ಧಕ್ಕೇ ನಿಂತಿತು. ಅದೇ ವರ್ಷ ಅಲ್ಲಿಂದ ಹೊರಬಂದ ಐದು ಜನ ಸೇರಿ ಆಬ್ಸಿಡಿಯನ್ ಎಂಬ ತಮ್ಮದೇ ಕಂಪನಿ ಕಟ್ಟಿದರು. ಅವರಿಗೆ ಕೆಲಸ ಗೊತ್ತಿತ್ತು, ಆದರೆ ಆಟದ ಹೆಸರಿನ ಮೇಲೆ ಹಕ್ಕಿರಲಿಲ್ಲ.

ಆ ಹಕ್ಕನ್ನು ಬೆಥೆಸ್ಡಾ ಎಂಬ ಇನ್ನೊಂದು ಕಂಪನಿ 2004ರಲ್ಲಿ ಮೊದಲು ಪರವಾನಗಿಯಾಗಿ ಪಡೆದು, 2007ರಲ್ಲಿ 57.5 ಲಕ್ಷ ಡಾಲರ್ ಕೊಟ್ಟು ಪೂರ್ತಿ ಕೊಂಡುಕೊಂಡಿತು. ಕಟ್ಟಡ ಅಲ್ಲ, ಯಂತ್ರ ಅಲ್ಲ, ಒಂದು ಹೆಸರು ಮತ್ತು ಅದರ ಸುತ್ತಲಿನ ಕಲ್ಪನೆ ಮಾತ್ರ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್, ಪೇಟೆಂಟ್, ಟ್ರೇಡ್‌ಮಾರ್ಕ್ ಎಂದು ಆಸ್ತಿಯ ಬದಿಗೆ ಬರೆಯುತ್ತೇವಲ್ಲ, ಕೈಯಲ್ಲಿ ಹಿಡಿಯಲಾಗದ ಆಸ್ತಿ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆಥೆಸ್ಡಾದ 'ಫಾಲ್‌ಔಟ್ 3' 2008ರ ಅಕ್ಟೋಬರ್‌ನಲ್ಲಿ ಬಂತು, ಜಗತ್ತಿನಾದ್ಯಂತ ಗೆದ್ದಿತು. ಆದರೆ ಒಂದೊಂದು ದೇಶದಲ್ಲಿ ಒಂದೊಂದು ತಕರಾರು. ಆಸ್ಟ್ರೇಲಿಯಾದಲ್ಲಿ ಆಟದೊಳಗಿನ ಒಂದು ಔಷಧಿಗೆ ನಿಜವಾದ ಮಾದಕ ದ್ರವ್ಯದ ಹೆಸರಿದೆ ಎಂದು ಮೊದಲು ಅನುಮತಿ ಸಿಗಲಿಲ್ಲ. ಹೆಸರು ಬದಲಿಸಿದ ಮೇಲೆ ಸಿಕ್ಕಿತು. ಅಣುಬಾಂಬಿನ ನೋವು ಉಂಡ ಜಪಾನಿನಲ್ಲಿ, ಒಂದು ಊರನ್ನು ಅಣುಬಾಂಬಿನಿಂದ ಉಡಾಯಿಸುವ ಅವಕಾಶವನ್ನೇ ಆಟದಿಂದ ತೆಗೆದರು. ನಮ್ಮ ದೇಶದಲ್ಲಿ ಮೈಕ್ರೋಸಾಫ್ಟ್ ಆ ಆಟದ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಮಾರುವುದೇ ಇಲ್ಲ ಎಂದು ಪ್ರಕಟಿಸಿತು. ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆಯೇ ಕಾರಣ ಎಂದಿತು, ಹೆಚ್ಚು ಬಿಡಿಸಿ ಹೇಳಲಿಲ್ಲ. ಆಟದಲ್ಲಿರುವ ಎರಡು ತಲೆಯ ಹಸುಗಳಿಗೆ ನಮ್ಮ ಸಮಾಜದ ಒಂದು ಸಮುದಾಯದ ಹೆಸರಿಟ್ಟಿದ್ದು, ಅವುಗಳನ್ನು ಕೊಲ್ಲಲು ಬರುವುದು ಇದಕ್ಕೆ ಕಾರಣವಿರಬೇಕು ಎಂದು ಆಗ ಬರೆದವರು ಊಹಿಸಿದರು. ಒಂದು ಸರಕು ಗಡಿ ದಾಟಿ ಬರುವಾಗ ಬೆಲೆ, ಸುಂಕ ಇಷ್ಟನ್ನೇ ನೋಡಿದರೆ ಸಾಲದು, ಅಲ್ಲಿನ ಜನರ ಮನಸ್ಸನ್ನೂ ನೋಡಬೇಕು ಎಂಬುದಕ್ಕೆ ಇದು ಪಾಠ.

ಹದಿನೆಂಟು ತಿಂಗಳು

ಮುಂದಿನ ಆಟವನ್ನು ಬೆಥೆಸ್ಡಾ ತಾನೇ ಮಾಡಲಿಲ್ಲ, ಆಬ್ಸಿಡಿಯನ್‌ಗೆ ಗುತ್ತಿಗೆ ಕೊಟ್ಟಿತು. ಅಂದರೆ ಹಿಂದೆ ಇದೇ ಹೆಸರಿಗಾಗಿ ದುಡಿದಿದ್ದ ಕೆಲವರು ಈಗ ಬೇರೆಯವರ ಆಸ್ತಿಯಾಗಿದ್ದ ಅದೇ ಹೆಸರಿಗೆ ಗುತ್ತಿಗೆದಾರರಾಗಿ ಬಂದರು. ಸಿಕ್ಕ ಕಾಲ ಸುಮಾರು 18 ತಿಂಗಳು. ಜೋಶ್ ಸಾಯರ್ ತಂಡದ ನಿರ್ದೇಶಕ. ಕಾಲ ಕಡಿಮೆ ಇದ್ದುದರಿಂದ 'ಫಾಲ್‌ಔಟ್ 3'ಕ್ಕೆ ಬಳಸಿದ ತಂತ್ರಾಂಶವನ್ನೇ ಬಳಸಿಕೊಂಡು, ತಮ್ಮ ಶ್ರಮವನ್ನೆಲ್ಲ ಕಥೆ ಮತ್ತು ಮಾತಿನ ಮೇಲೆ ಹಾಕಿದರು. ಆಟದಲ್ಲಿ ಸುಮಾರು 65,000 ಸಂಭಾಷಣೆಯ ಸಾಲುಗಳಿವೆ. ಒಬ್ಬರೇ ಆಡುವ ಇಂಥ ಆಟಗಳಲ್ಲಿ ಅದು ಗಿನ್ನೆಸ್ ದಾಖಲೆಯಾಗಿತ್ತು.

ಮಾತಿನ ಮೇಲೆ ಹಾಕಿದ ಶ್ರಮ ಎಲ್ಲಿ ಕಾಣುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಪ್ರಿಮ್ ಎಂಬ ಸಣ್ಣ ಊರಿಗೆ ಕಾವಲಿನ ಅಧಿಕಾರಿ ಇಲ್ಲ. ಯಾರನ್ನು ತರಬೇಕು? ಗಣರಾಜ್ಯದ ಸೈನ್ಯವನ್ನು ಕರೆದರೆ ಊರು ಭದ್ರ, ಆದರೆ ತೆರಿಗೆ ಬೀಳುತ್ತದೆ. ಜೈಲಿನಿಂದ ಬಂದ ಹಳೆಯ ಅಧಿಕಾರಿಯನ್ನು ಇಟ್ಟರೆ ಕೆಲಸ ಗೊತ್ತಿದೆ, ಆದರೆ ಕಾನೂನನ್ನು ಪಕ್ಕಕ್ಕಿಟ್ಟ ಹಳೆಯ ಚರಿತ್ರೆ ಇದೆ. ಒಂದು ಯಂತ್ರಮಾನವನನ್ನೂ ಇಡಬಹುದು. ಯಾವುದೂ ಪೂರ್ತಿ ಸರಿ ಅಲ್ಲ, ಯಾವುದೂ ಪೂರ್ತಿ ತಪ್ಪಲ್ಲ. ಆಟ ಮುಗಿದಾಗ ನಿಮ್ಮ ಆಯ್ಕೆಯಿಂದ ಆ ಊರಿಗೆ ಏನಾಯಿತು ಎಂದು ತೋರಿಸುತ್ತಾರೆ. ನಾನು ಸೈನ್ಯವನ್ನು ಕರೆದೆ. ಭಾಯಿಜಾನ್ ಒಪ್ಪಲಿಲ್ಲ. ಊಟದ ದಸ್ತರ್‌ಖಾನ್ ಮೇಲೂ ಅದೇ ವಾದ ನಡೆದು, "ಯಾವ ಊರಪ್ಪಾ ಅದು, ನಮ್ಮ ಸಂಬಂಧಿಕರು ಇದ್ದಾರೇನು?" ಎಂದು ಖಾಲಾ ಕೇಳುವಂತಾಯಿತು.

84 ಬಂತು, 85 ಬೇಕಿತ್ತು

ಆಟ 2010ರ ಅಕ್ಟೋಬರ್ 19ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಮೊದಲ ಕೆಲವು ವಾರಗಳಲ್ಲೇ ಸುಮಾರು 50 ಲಕ್ಷ ಪ್ರತಿಗಳು ಅಂಗಡಿಗಳಿಗೆ ಹೋದವು. ಆದರೆ ತಪ್ಪುಗಳೂ ಜೊತೆಗೇ ಹೋದವು. ಆಟದ ಆರಂಭದಲ್ಲಿ ನಮ್ಮನ್ನು ಬದುಕಿಸುವ ವೈದ್ಯರ ತಲೆ ಕುತ್ತಿಗೆಯ ಮೇಲೆ ಗಿರಗಿರ ತಿರುಗುತ್ತಿದ್ದ ದೃಶ್ಯ ಜಗತ್ತಿನ ನಗೆಗೆ ಗುರಿಯಾಯಿತು. ಆಟ ನಡುವೆಯೇ ನಿಂತುಬಿಡುವುದು, ಉಳಿಸಿಟ್ಟ ಆಟ ಕೆಟ್ಟುಹೋಗುವುದು ಮುಂತಾದ ದೂರುಗಳು ಬಂದವು. ದುಡ್ಡು ಕೊಟ್ಟ ಗ್ರಾಹಕ ಸಿಟ್ಟಾಗುವುದು ನ್ಯಾಯವೇ.

ವಿಮರ್ಶಕರು ಅಂಕ ಕೊಟ್ಟರು. ಅಮೆರಿಕದಲ್ಲಿ ಮೆಟಾಕ್ರಿಟಿಕ್ ಎಂಬ ಸಂಸ್ಥೆಯಿದೆ. ಬೇರೆ ಬೇರೆ ಪತ್ರಿಕೆಗಳ ವಿಮರ್ಶೆಗಳನ್ನು ನೂರಕ್ಕೆ ಇಷ್ಟು ಎಂದು ಪರಿವರ್ತಿಸಿ ಸರಾಸರಿ ಪ್ರಕಟಿಸುವುದು ಅದರ ಕೆಲಸ. ಅದರ ಲೆಕ್ಕದಲ್ಲಿ ಕಂಪ್ಯೂಟರ್ ಮತ್ತು ಎಕ್ಸ್‌ಬಾಕ್ಸ್ ಆವೃತ್ತಿಗಳಿಗೆ 84 ಬಂತು.

84 ಒಳ್ಳೆಯ ಅಂಕವೇ. ಆದರೆ 2012ರಲ್ಲಿ ಆಬ್ಸಿಡಿಯನ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಅವೆಲೋನ್ ಒಂದು ಸಂಗತಿ ಹೊರಗೆ ಹೇಳಿದರು. ಆಟ ತಯಾರಿಸಿದ್ದಕ್ಕೆ ಕಂಪನಿಗೆ ಸಿಕ್ಕಿದ್ದು ಗೊತ್ತುಪಡಿಸಿದ ಹಣ ಮಾತ್ರ. ಎಷ್ಟು ಮಾರಾಟವಾದರೂ ಅದರಲ್ಲಿ ರಾಯಲ್ಟಿ ಇಲ್ಲ. ಮೆಟಾಕ್ರಿಟಿಕ್‌ನಲ್ಲಿ 85 ಅಥವಾ ಹೆಚ್ಚು ಬಂದರೆ ಬೋನಸ್ ಎಂದಿತ್ತು. ಬಂದದ್ದು 84. ಬೋನಸ್ ಸಿಗಲಿಲ್ಲ. ಅದೇ ತಿಂಗಳು ಬೇರೊಂದು ಆಟದ ಕೆಲಸ ರದ್ದಾಗಿ ಆ ಕಂಪನಿ ಹಲವರನ್ನು ಕೆಲಸದಿಂದ ತೆಗೆಯಬೇಕಾಯಿತು.

ಇಲ್ಲಿ ಯಾರೂ ಮಾತು ತಪ್ಪಲಿಲ್ಲ, ಶರತ್ತು ಶರತ್ತೇ. ಆದರೂ ಆ ಸಂಖ್ಯೆ ಹೇಗೆ ಬಂತು ಎಂದು ನೋಡುವುದು ವಾಣಿಜ್ಯ ವಿದ್ಯಾರ್ಥಿಯ ಕೆಲಸ. ಮೆಟಾಕ್ರಿಟಿಕ್‌ನದು ಸರಳ ಸರಾಸರಿ ಅಲ್ಲ, ತೂಕದ ಸರಾಸರಿ. ಕೆಲವು ಪತ್ರಿಕೆಗಳ ಅಂಕಕ್ಕೆ ಹೆಚ್ಚು ತೂಕ. ಯಾವುದಕ್ಕೆ ಎಷ್ಟು ಎಂದು ಅದು ಬಹಿರಂಗಪಡಿಸುವುದಿಲ್ಲ. ತೂಕದಿಂದ ಏನು ವ್ಯತ್ಯಾಸ ಆಗುತ್ತದೆ ಎಂದು ತೋರಿಸಲು ನಾನೇ ಒಂದು ಲೆಕ್ಕ ಕಟ್ಟಿದ್ದೇನೆ. ನಾಲ್ಕು ವಿಮರ್ಶಕರು ಕ್ರಮವಾಗಿ 95, 90, 80, 71 ಕೊಟ್ಟರು ಎಂದುಕೊಳ್ಳಿ. ಒಟ್ಟು 336, ಸರಳ ಸರಾಸರಿ 84. ಈಗ 95 ಕೊಟ್ಟವರಿಗೆ ಎರಡು ಪಟ್ಟು ತೂಕ ಕೊಡಿ. ಒಟ್ಟು 431 ಆಗುತ್ತದೆ, ಐದರಿಂದ ಭಾಗಿಸಿದರೆ 86.2. ಬೋನಸ್ ಬಂತು! ಅದೇ ಎರಡು ಪಟ್ಟು ತೂಕವನ್ನು 71 ಕೊಟ್ಟವರಿಗೆ ಕೊಟ್ಟರೆ 407, ಸರಾಸರಿ 81.4. ಆಟ ಅದೇ, ವಿಮರ್ಶಕರೂ ಅವರೇ, ಬದಲಾದದ್ದು ತೂಕ ಮಾತ್ರ.

ನನ್ನ 529

ಈ ಆಟವನ್ನೇ ಏಕೆ ಆರಿಸಿಕೊಂಡೆ ಎಂದು ಈಗ ಹೇಳಬೇಕು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ 625ಕ್ಕೆ 529 ಬಂದಿತ್ತು, ಶೇಕಡಾ 84.64. ನಾನು ಅರ್ಜಿ ಹಾಕಿದ್ದ ಒಂದು ವಿದ್ಯಾರ್ಥಿವೇತನಕ್ಕೆ ಶೇಕಡಾ 85 ಬೇಕಿತ್ತು. ಮೂರು ಅಂಕ ಕಡಿಮೆ. ಹಣ ಸಾಲದ್ದರಿಂದ ಆ ವರ್ಷ ನನ್ನ ಆಪಾ ಬಿ.ಕಾಂ. ಸೇರುವುದನ್ನು ಮುಂದೂಡಿದಳು. "ನನಗೇನು ಅವಸರ" ಎಂದಳು. ಅವಳಿಗೆ ಅವಸರ ಇತ್ತು ಎಂದು ನನಗೆ ಗೊತ್ತಿತ್ತು, ಫಾರ್ಮ್ ತುಂಬಿ ಕಪಾಟಿನಲ್ಲಿ ಇಟ್ಟಿದ್ದಳು.

ಅಂಕ ಹೋದದ್ದು ಹೆಚ್ಚಾಗಿ ಕನ್ನಡದಲ್ಲಿ. ಮನೆಯಲ್ಲಿ ಉರ್ದು, ಹತ್ತನೆಯವರೆಗೆ ಶಾಲೆಯೂ ಉರ್ದು, ಓಣಿಯಲ್ಲಿ ಮರಾಠಿ. ನಮ್ಮ ನಾಲಿಗೆಗೆ 'ಳ' ಮತ್ತು 'ಣ' ಸುಲಭವಾಗಿ ಬರುವುದಿಲ್ಲ, ನಾಲಿಗೆಗೆ ಬರದ್ದು ಪೆನ್ನಿಗೂ ಬರುವುದಿಲ್ಲ. ಉತ್ತರ ಗೊತ್ತಿತ್ತು, ಕಾಗುಣಿತ ತಪ್ಪಿತ್ತು. ತಿದ್ದಿದವರು ಅಂಕ ಕಳೆದದ್ದು ಸರಿಯೇ. ಆ ಆಟದಲ್ಲಿ ವೈದ್ಯರ ತಲೆ ತಿರುಗಿದ್ದೂ ನಿಜವೇ ಇತ್ತಲ್ಲ. ನನ್ನ ತಕರಾರು ಅಂಕದ ಮೇಲೆ ಅಲ್ಲ. ಒಂದು ದಿನ ಅಳೆದದ್ದನ್ನು ಆ ಮನುಷ್ಯನ ಪೂರ್ತಿ ಅಳತೆ ಎಂದು ತಿಳಿಯುತ್ತಾರಲ್ಲ, ಅದರ ಮೇಲೆ.

ಇದನ್ನು ನನಗಿಂತ ಮೊದಲು ತಿಳಿದವರು ನನ್ನ ನಾನಿ. ನಿಪ್ಪಾಣಿಯಲ್ಲಿ ಅವರು ವರ್ಷಗಟ್ಟಲೆ ಬೀಡಿ ಕಟ್ಟಿದವರು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಕಟ್ಟಿದ್ದನ್ನು ಒಯ್ದು ಕೊಟ್ಟರೆ ಅಲ್ಲಿ ಕುಳಿತವರು ಕಟ್ಟು ನೋಡಿ ಒಂದಷ್ಟನ್ನು ಪಕ್ಕಕ್ಕೆ ಹಾಕುತ್ತಿದ್ದರಂತೆ. ಪಕ್ಕಕ್ಕೆ ಹೋದದ್ದಕ್ಕೆ ಕೂಲಿ ಇಲ್ಲ. ಆಬ್ಸಿಡಿಯನ್ ಕಥೆ ಹೇಳಿದಾಗ ನಾನಿ ಕೇಳಿದ್ದು ಒಂದೇ ಮಾತು: "ಮಾಡಿದವರಿಗೆ ಮೊದಲೇ ಗೊತ್ತಿತ್ತಾ, ನೋಡುವವರು ಯಾವುದನ್ನು ಕೆಟ್ಟದ್ದು ಅಂತಾರೆ ಅಂತ?" ಗುತ್ತಿಗೆ ಕಾಯಿದೆಯ ಅರ್ಧ ಪಾಠ ಆ ಒಂದು ಪ್ರಶ್ನೆಯಲ್ಲಿದೆ.

ಆಮೇಲೆ ಏನಾಯಿತು?

2012ರ ಕೊನೆಗೆ ಆಬ್ಸಿಡಿಯನ್ ಯಾವ ಪ್ರಕಾಶಕರ ಬಳಿಯೂ ಹೋಗದೆ ನೇರವಾಗಿ ಆಟಗಾರರ ಬಳಿ ಹಣ ಕೇಳಿತು. ಹೊಸ ಆಟಕ್ಕೆ 11 ಲಕ್ಷ ಡಾಲರ್ ಬೇಕು ಎಂದಿತು. ಸುಮಾರು 74,000 ಜನ ಸೇರಿ ಕೊಟ್ಟದ್ದು ಹತ್ತಿರಹತ್ತಿರ 40 ಲಕ್ಷ ಡಾಲರ್. ಎರಡು ವರ್ಷ ಹಿಂದಿನ 84 ಅನ್ನು ಆ ಜನ ಬೇರೆ ರೀತಿಯಲ್ಲಿ ಓದಿದ್ದರು. ತಪ್ಪುಗಳನ್ನು ಕಂಪನಿ ಒಂದೊಂದಾಗಿ ತಿದ್ದಿ ಹೊಸ ತುಣುಕುಗಳನ್ನು ಕಳಿಸಿತು, ಇವಕ್ಕೆ ಪ್ಯಾಚ್ ಎನ್ನುತ್ತಾರೆ. ಉಳಿದದ್ದನ್ನು ಆಟಗಾರರೇ ಕೂಲಿ ಇಲ್ಲದೆ ತಿದ್ದಿದರು. ಇಂದು ಆ ಸರಣಿಯಲ್ಲೇ ಇದು ಉತ್ತಮ ಎಂದು ಹೇಳುವವರು ಬಹಳ. ಆದರೆ ಮೆಟಾಕ್ರಿಟಿಕ್‌ನಲ್ಲಿ ಇಂದಿಗೂ 84 ಇದೆ.

2018ರಲ್ಲಿ ಮೈಕ್ರೋಸಾಫ್ಟ್ ಆಬ್ಸಿಡಿಯನ್ ಅನ್ನು ಕೊಂಡಿತು. 2021ರಲ್ಲಿ ಬೆಥೆಸ್ಡಾದ ಮಾತೃಸಂಸ್ಥೆಯನ್ನೂ ಕೊಂಡಿತು, ಆ ವ್ಯವಹಾರ 750 ಕೋಟಿ ಡಾಲರ್ ಎಂದು ಪ್ರಕಟಿಸಿತ್ತು. ಕೆಲಸ ಮಾಡಿದವರು, ಹೆಸರಿನ ಒಡೆಯರು ಇಬ್ಬರೂ ಈಗ ಒಂದೇ ಮನೆಯವರು. 2024ರಲ್ಲಿ ಇದೇ ಹೆಸರಿನ ಧಾರಾವಾಹಿ ಬಂದು, ಮೊದಲ ಭಾಗದ ಕೊನೆಯಲ್ಲಿ ವೇಗಸ್ ನಗರ ಕಾಣಿಸಿದಾಗ ಹಳೆಯ ಆಟವನ್ನು ಹೊಸಬರೂ ಹುಡುಕಿಕೊಂಡು ಹೋದರು.

ಇದೆಲ್ಲ ದೂರದ ಮಾತು ಎನ್ನಬೇಡಿ. ಮೊದಲ 'ಫಾಲ್‌ಔಟ್' ಬಂದ 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿ ಶುರು ಮಾಡಿದರು. ವಿದೇಶದ ದೊಡ್ಡ ದೊಡ್ಡ ಆಟಗಳಿಗೆ ಬೇಕಾದ ಚಿತ್ರಗಳನ್ನು, ವಸ್ತುಗಳನ್ನು ನಮ್ಮ ರಾಜ್ಯದಲ್ಲಿ ಕುಳಿತು ತಯಾರಿಸಿದವರು ಅವರು. 2017ರಲ್ಲಿ ಸ್ವೀಡನ್ನಿನ ಕಂಪನಿಯೊಂದು ಅದನ್ನು ಕೊಂಡಿತು, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕೊಂಡಿತು. ಈ ಉದ್ಯಮಕ್ಕಾಗಿ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ತಂದಿದೆ. ಚಿತ್ರ ಬರೆಯುವವರು, ಕಥೆ ಬರೆಯುವವರು, ಲೆಕ್ಕ ನೋಡುವವರು, ಕರಾರುಪತ್ರ ಓದಬಲ್ಲವರು ಎಲ್ಲರೂ ಅಲ್ಲಿ ಬೇಕು. ನಮ್ಮಲ್ಲಿ ಯಾರಾದರೂ ಹೋದರೆ ಸಹಿ ಹಾಕುವ ಮುನ್ನ ಮೂರು ಮಾತು ಕೇಳಿ: ಹೆಸರು ಯಾರದು? ರಾಯಲ್ಟಿ ಇದೆಯೇ? ಅಂಕ ಕೊಡುವವರು ಯಾರು, ತೂಕ ಎಷ್ಟು?

ಸರ್ ಕೇಳಿದ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ ಎಂದುಕೊಂಡಿದ್ದೇನೆ. ಆಪಾ ಈಗ ಬಿ.ಕಾಂ. ಎರಡನೇ ಸೆಮಿಸ್ಟರ್‌ನಲ್ಲಿದ್ದಾಳೆ, ಮೇಲಿನ ತೂಕದ ಸರಾಸರಿಯನ್ನು ಅವಳೇ ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದಳು. ಈ ಲೇಖನದ ಮೊದಲ ಪ್ರತಿಯಲ್ಲಿ ನಮ್ಮ ಕನ್ನಡ ಮೇಡಂ 23 ಕಡೆ ಕೆಂಪು ಪೆನ್ನಿನಿಂದ ಗುರುತು ಹಾಕಿದರು. ಅದರಲ್ಲಿ 14 'ಳ' ಮತ್ತು 'ಣ'. ಎಲ್ಲವನ್ನೂ ತಿದ್ದಿ ಬರೆದಿದ್ದೇನೆ. ಇನ್ನೂ ಎಲ್ಲಾದರೂ ತಪ್ಪು ಉಳಿದಿದ್ದರೆ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ಯಾಚ್ ಹಾಕುತ್ತೇನೆ.